ಮೂಳೆ ಕೂರಲಿಲ್ಲ, ನೋವು ಮಾತ್ರ ಇಳಿಯಿತು

ಹಿಟ್ಟಿನ ಗಿರಣಿ ನಡೆಸುವ ಒಬ್ಬರು ಸೊಂಟ ಹಿಡಿದುಕೊಂಡು ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದಿದ್ದರು. ಮೂಟೆ ಎತ್ತುವಾಗ ಚಳಕ್ ಅಂದಿದೆ, ಹತ್ತು ದಿನದಿಂದ ಬಗ್ಗಲಾಗುತ್ತಿಲ್ಲ. "ಯಾವ್ದೋ ಮೂಳೆ ಜರುಗೈತೆ ಮೇಡಂ. ಒಂದ್ಸಲ ಜಾಗಕ್ಕೆ ಕೂರಿಸ್ಬಿಡಿ, ಸಾಕು" ಅಂದರು. ನಿಲ್ಲಿಸಿ ಬಗ್ಗಿಸಿದೆ, ಕೈ ಮಂಡಿ ದಾಟಲಿಲ್ಲ. ಬೋರಲು ಮಲಗಿಸಿ, ಸೊಂಟದ ಗಂಟುಗಳ ಮೇಲೆ ಅಂಗೈಯ ಅಂಚಿಟ್ಟು, ತೊಟ್ಟಿಲು ತೂಗುವ ಲಯದಲ್ಲಿ ಐದಾರು ನಿಮಿಷ ಒತ್ತುತ್ತಾ ಬಿಡುತ್ತಾ ಹೋದೆ. ಎದ್ದು ಬಗ್ಗಿದರೆ ಬೆರಳು ಮಂಡಿಯಿಂದ ಒಂದು ಗೇಣು ಕೆಳಗಿತ್ತು. "ಕೂತ್ಕಂತಲ್ಲ!" ಎಂದು ನಕ್ಕರು.

ಕೂತಿರಲಿಲ್ಲ. ಜರುಗಿದ್ದರೆ ತಾನೆ ಕೂರುವುದು?

ಬೆನ್ನಿನ ಮೂಳೆಗಳು ಗಟ್ಟಿ ಪಟ್ಟಿಗಳಿಂದ, ನಡುವಿನ ಡಿಸ್ಕ್‌ಗಳಿಂದ ಒಂದಕ್ಕೊಂದು ಬಿಗಿದುಕೊಂಡಿವೆ. ನಾನು ಮೈಭಾರ ಹಾಕಿ ಒತ್ತಿದರೂ ಅವು ಅಲುಗುವುದು ಮಿಲಿಮೀಟರುಗಳ ಲೆಕ್ಕದಲ್ಲಿ. ಕೈ ತೆಗೆದರೆ ಮೊದಲಿದ್ದಲ್ಲಿಗೇ ಬರುತ್ತವೆ. ಐದು ನಿಮಿಷದಲ್ಲಿ ಬದಲಾದದ್ದು ಮೂಳೆಯ ಜಾಗವಲ್ಲ, ಆ ಜಾಗದ ಬಗ್ಗೆ ನರಮಂಡಲಕ್ಕಿದ್ದ ದಿಗಿಲು.

ಮೊಣಕೈ ಬಾಗಿಲಿಗೆ ಬಡಿದಾಗ ಯಾರೂ ಹೇಳಿಕೊಡದೆ ನಾವು ಅಲ್ಲಿ ಉಜ್ಜಿಕೊಳ್ಳುತ್ತೇವೆ. ಹಾಗೆ ಉಜ್ಜಿದರೆ ನೋವು ಯಾಕೆ ತಗ್ಗುತ್ತದೆ ಎಂಬುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ನೋವಿನ ಸಂಶೋಧಕರು ಒಂದು ವಿವರಣೆ ಕೊಟ್ಟರು. ಸ್ಪರ್ಶ, ಒತ್ತಡಗಳ ಸುದ್ದಿ ದಪ್ಪ ನರತಂತುಗಳಲ್ಲಿ ಬೇಗ ಬರುತ್ತದೆ. ನೋವಿನ ಸುದ್ದಿಯ ಬಹುಪಾಲು ಸಣ್ಣ ತಂತುಗಳಲ್ಲಿ ನಿಧಾನ. ಎರಡೂ ಬೆನ್ನುಹುರಿಯಲ್ಲಿ ಸೇರುವಲ್ಲಿ ಬಾಗಿಲಿನಂಥ ಒಂದು ಏರ್ಪಾಡಿದೆ, ಮೊದಲನೆಯದು ಎರಡನೆಯದರ ದಾರಿಯನ್ನು ಕಿರಿದು ಮಾಡುತ್ತದೆ ಎಂದರು. ವಿವರಗಳು ಆಮೇಲೆ ಎಷ್ಟೋ ತಿದ್ದುಪಡಿಯಾದವು, ತಿರುಳು ಉಳಿದಿದೆ. ಕೀಲಿನ ಸುತ್ತ, ಸ್ನಾಯುಗಳ ಒಳಗೆ ಎಳೆತ ಅಳೆಯುವ ನರತುದಿಗಳು ಕಿಕ್ಕಿರಿದಿವೆ. ನನ್ನ ಅಂಗೈ ಲಯವಾಗಿ ಒತ್ತಿದಾಗ ಅವೆಲ್ಲ ಒಟ್ಟಿಗೆ ಸುದ್ದಿ ಕಳಿಸತೊಡಗುತ್ತವೆ.

ಮೇಲಿನಿಂದಲೂ ಆಜ್ಞೆ ಇಳಿಯುತ್ತದೆ. ಮಿದುಳಿನ ಕಾಂಡದಲ್ಲಿ ನೋವಿನ ಸುದ್ದಿಯನ್ನು ತಗ್ಗಿಸಬಲ್ಲ ಕೇಂದ್ರಗಳಿವೆ. 1990ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಟೆನಿಸ್ ಎಲ್ಬೋ (ಮೊಣಕೈಯ ಹೊರಬದಿಯ ನೋವು) ಇದ್ದವರ ಕುತ್ತಿಗೆಯ ಕೀಲುಗಳನ್ನು ಮೆಲ್ಲಗೆ ಪಕ್ಕಕ್ಕೆ ಜರುಗಿಸಿ ನೋಡಿದರು. ಮೊಣಕೈ ಮುಟ್ಟಲೇ ಇಲ್ಲ. ಆದರೂ ಮೊಣಕೈ ನೋವು ತಗ್ಗಿತು, ಜೊತೆಗೇ ಕೈಯ ಚರ್ಮದಲ್ಲಿ ಬೆವರಿನ ನರಗಳ ಚಟುವಟಿಕೆಯೂ ಬದಲಾಯಿತು. ಆಜ್ಞೆ ಮೇಲಿನಿಂದ ಇಳಿದಿರಬೇಕು ಎಂಬುದರ ಸೂಚನೆ ಇದು. ಮೂಳೆ ಕೂರಿಸುವ ಕಥೆ ಇದನ್ನು ವಿವರಿಸಲಾರದು.

ಇನ್ನು ಬೆನ್ನು, ಕುತ್ತಿಗೆ ತಿರುವಿದಾಗ ಬರುವ ಆ 'ಲಟಕ್' ಸದ್ದು. ಜನ ಅದಕ್ಕೇ ದುಡ್ಡು ಕೊಡುತ್ತಾರೇನೋ ಅನ್ನಿಸುವುದುಂಟು. ನೆಟಿಗೆ ಮುರಿದಾಗಿನ ಸದ್ದೇ ಅದು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳನ್ನು ಎಂಆರ್‌ಐ ಒಳಗಿಟ್ಟು ಎಳೆದು ನೋಡಿದಾಗ, ಸದ್ದಾಗುವ ಗಳಿಗೆಯಲ್ಲಿ ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯೊಂದು ಹುಟ್ಟುವುದು ಕಂಡಿತು. ಸದ್ದು ಬಾರದಿದ್ದರೂ ನೋವು ಇಳಿಯಬಹುದು. ಸದ್ದು ಕೇಳಲೆಂದೇ ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುವಿಸಿಕೊಳ್ಳುವವರಿಗೆ ಮಾತ್ರ ಗದರಿ ಹೇಳುತ್ತೇನೆ: ಬೇಡ. ಕುತ್ತಿಗೆಯ ಮೂಳೆಗಳ ತೂತಿನಲ್ಲೇ ಮಿದುಳಿಗೆ ಹೋಗುವ ರಕ್ತನಾಳಗಳಿವೆ. ಜೋರಾಗಿ ತಿರುವಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆಗುವುದು ಅಪರೂಪ, ಆದರೆ ಆಗಿದೆ.

ನಮ್ಮ ಕಡೆ ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸಿಕೊಂಡರೆ ಉಳುಕು ಹೋಗುತ್ತದೆ ಎನ್ನುತ್ತಾರೆ. ಓದು ಮುಗಿಸಿದ ಹೊಸತರಲ್ಲಿ ಇದಕ್ಕೆ ನಗುತ್ತಿದ್ದೆ. ಈಗ ಅಷ್ಟು ನಗು ಬರುವುದಿಲ್ಲ. ಒತ್ತಡ, ಸ್ಪರ್ಶ, 'ಇವರು ಮುಟ್ಟಿದರೆ ವಾಸಿಯಾಗುತ್ತದೆ' ಎಂಬ ನಂಬಿಕೆ: ಮೂರೂ ಅಲ್ಲಿವೆ. ನನ್ನ ಟೇಬಲ್ಲಿನ ಮೇಲೂ ಅವೇ ಮೂರು ಅರ್ಧ ಕೆಲಸ ಮಾಡುತ್ತವೆ. ನಾನು ಹೆಚ್ಚಿಗೆ ಮಾಡುವುದೆಂದರೆ ಯಾರನ್ನು ಒತ್ತಬಾರದು ಎಂದು ಮೊದಲು ನೋಡುವುದು. ಮೂತ್ರ ಕಟ್ಟಿದೆಯೇ, ಕೂರುವ ಜಾಗ ಜೋಮು ಹಿಡಿದಿದೆಯೇ, ಪಾದ ಎತ್ತಲಾಗುತ್ತಿಲ್ಲವೇ, ಸಂಜೆ ಜ್ವರ ಬಂದು ತೂಕ ಇಳಿಯುತ್ತಿದೆಯೇ? ಬೆನ್ನಿಗೂ ಕ್ಷಯ ಬರುತ್ತದೆ. ಇವುಗಳಲ್ಲಿ ಒಂದಿದ್ದರೂ ಕೈ ಹಚ್ಚದೆ ಡಾಕ್ಟರ ಬಳಿ ಕಳಿಸುತ್ತೇನೆ. ಮೊದಲೆರಡಿದ್ದರೆ ಅದೇ ದಿನ, ದೊಡ್ಡಾಸ್ಪತ್ರೆಗೇ.

ನನ್ನದೇ ಒಂದು ತಪ್ಪು ಹೇಳಬೇಕು. ಹಿಂದೆ ನಾನೂ "ಕೂತಿತು ನೋಡಿ" ಎನ್ನುತ್ತಿದ್ದೆ. ರೋಗಿಗೆ ಖುಷಿ, ನನಗೂ ಸುಲಭ. ಹಾಗೆ ಹೇಳಿಸಿಕೊಂಡ ಒಬ್ಬ ಟೀಚರು ಸೀನಿದರೆ ಮೂಳೆ ಜಾರೀತೆಂದು ಹೆದರಿ ವರ್ಷಗಟ್ಟಲೆ ವಾರಕ್ಕೊಮ್ಮೆ 'ಕೂರಿಸಿಕೊಳ್ಳಲು' ಬರುತ್ತಿದ್ದರು. ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಿದ್ದರು. ಅವರ ಬೆನ್ನಿಗಿಂತ ನನ್ನ ಮಾತು ಹೆಚ್ಚು ಕೆಟ್ಟದ್ದು ಮಾಡಿತ್ತು.

ಕೈಯಿಂದ ಸಿಗುವ ಆರಾಮ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನ. ಆ ಹೊತ್ತಿನಲ್ಲಿ ಹೆದರಿ ಬಿಟ್ಟ ಚಲನೆಯನ್ನು ಮಾಡಿಸದಿದ್ದರೆ ಒತ್ತಿದ್ದು ದಂಡ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಕೈಚಿಕಿತ್ಸೆ, ಮಸಾಜ್ ಇವೆ. ತಿಳಿಹೇಳುವುದು, ವ್ಯಾಯಾಮವೂ ಇವೆ. ಸೊಂಟದ ಬೆಲ್ಟು, ಟ್ರಾಕ್ಷನ್ (ಸೊಂಟವನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ ಎಂದಿದ್ದಾರೆ. ನಮ್ಮೂರಿನ ಎಷ್ಟೋ ಕ್ಲಿನಿಕ್ಕುಗಳಲ್ಲಿ ಇವತ್ತಿಗೂ ಮೊದಲು ಸಿಗುವುದು ಅವೆರಡೇ.

ಗಿರಣಿಯವರಿಗೆ ಅವತ್ತೇ ಹತ್ತು ಕಿಲೋ ಮರಳಿನ ಚೀಲ ಎತ್ತಿಸಿದೆ. ಮೊದಲ ಸಲ ಉಸಿರು ಬಿಗಿಹಿಡಿದರು, ನಾಲ್ಕನೆಯ ಸಲ ಮಾತಾಡುತ್ತಲೇ ಎತ್ತಿದರು. "ಇದಕ್ಕೆ ಹಿಡಿ ಐತಲ್ಲ ಮೇಡಂ, ಗಿರಣಿ ಮೂಟೆಗೆ ಎಲ್ಲೈತೆ?" ಅಂದರು. ನಿಜವೇ. ಮುಂದಿನ ಸಲ ಬರುವಾಗ ರಾಗಿ ಮೂಟೆಯನ್ನೇ ಆಟೋದಲ್ಲಿ ಹಾಕಿಕೊಂಡು ಬನ್ನಿ ಎಂದೆ.