ಹಲವು ಆಟ ಆಡಿದವಳು ತಡವಾಗಿ ಫುಟ್‌ಬಾಲ್‌ಗೆ ಬಂದರೆ?

ಪ್ರಶ್ನೆ: ಮಗಳಿಗೆ ಈಗ 17. ಇಷ್ಟು ದಿನ ಹ್ಯಾಂಡ್‌ಬಾಲ್, ವಾಲಿಬಾಲ್, ಓಟ ಅಂತ ಎಲ್ಲದರಲ್ಲೂ ಇದ್ದಳು. ಈಗ ಫುಟ್‌ಬಾಲ್ ಆಡ್ತೀನಿ, ಮುಂದೆ ಕೋಚ್ ಆಗ್ತೀನಿ ಅಂತಾಳೆ. ತಡವಾಗಲಿಲ್ಲವೇ?

ಉತ್ತರ: ಮಿಡ್‌ಫೀಲ್ಡ್‌ನಲ್ಲಿ ಆಟ ಕಟ್ಟುವವಳಾಗಲು ತಡವಾಗಿದೆ. ಗೋಲ್‌ಕೀಪರ್ ಆಗಲು ಅಷ್ಟೇನೂ ಇಲ್ಲ. ಕೋಚ್ ಆಗಲು ಖಂಡಿತ ಇಲ್ಲ.

ಹೀಗೆ ಹೇಳುವಾಗ ನೆನಪಾಗುವವರು ಕೋಯಿಕ್ಕೋಡ್‌ನ ಫೌಸಿಯಾ ಮಾಂಬಟ್ಟ. ವೇಟ್‌ಲಿಫ್ಟಿಂಗ್, ಜೂಡೋ, ಹ್ಯಾಂಡ್‌ಬಾಲ್, ಹಾಕಿ, ವಾಲಿಬಾಲ್ ಎಲ್ಲವನ್ನೂ ಆಡಿ ಫುಟ್‌ಬಾಲ್‌ಗೆ ಬಂದವರು. ಕೇರಳ ತಂಡದ ಗೋಲು ಕಾದರು. ಆಮೇಲೆ ನಡಕ್ಕಾವ್‌ನ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಕೋಚ್ ಆಗಿ ಎಷ್ಟೋ ಹುಡುಗಿಯರನ್ನು ತಯಾರು ಮಾಡಿದರು. ಕ್ಯಾನ್ಸರ್ ಬಂದ ಮೇಲೂ ಮೈದಾನ ಬಿಡಲಿಲ್ಲ. 2021ರ ಫೆಬ್ರವರಿಯಲ್ಲಿ ತೀರಿಕೊಂಡರು.

ಒಂದು ಆಟದಲ್ಲಿ ನಿಲ್ಲದವರು ಎಂದು ಅವರ ಬಗ್ಗೆ ಹೇಳಿಬಿಡುವುದು ಸುಲಭ, ಆದರೆ ಸರಿಯಲ್ಲ. ಆ ಕಾಲದ ಹುಡುಗಿಯರಿಗೆ ಫುಟ್‌ಬಾಲ್‌ಗೆ ನೇರ ದಾರಿ ಇರಲೇ ಇಲ್ಲ. 1980ರಲ್ಲಿ ಏಷ್ಯನ್ ಮಹಿಳಾ ಚಾಂಪಿಯನ್‌ಷಿಪ್ ನಡೆದದ್ದು ಅದೇ ಕೋಯಿಕ್ಕೋಡ್‌ನಲ್ಲಿ, ಭಾರತ ರನ್ನರ್‌ಅಪ್ ಕೂಡ ಆಯಿತು. ಹಾಗಿದ್ದೂ ಮಹಿಳೆಯರಿಗೊಂದು ರಾಷ್ಟ್ರೀಯ ಲೀಗ್ ಬರಲು 2016-17ರವರೆಗೆ ಕಾಯಬೇಕಾಯಿತು. ಯಾವ ಆಟಕ್ಕೆ ತಂಡವಿದೆಯೋ, ಯಾವುದಕ್ಕೆ ಆಯ್ಕೆ ನಡೆಯುತ್ತದೆಯೋ ಅದನ್ನು ಆಡುವುದೇ ಜಾಣತನವಾಗಿತ್ತು.

ಹಾಗೆ ಆಡಿದ್ದು ಗೋಲ್‌ಪೋಸ್ಟ್ ನಡುವೆ ಹೇಗೆ ಉಪಯೋಗಕ್ಕೆ ಬರುತ್ತದೆ ನೋಡಿ. ಜೂಡೋದಲ್ಲಿ ಮೊದಲು ಕಲಿಸುವುದೇ ಪೆಟ್ಟಾಗದಂತೆ ಬೀಳುವುದನ್ನು. ಡೈವ್ ಹೊಡೆಯಲು ಹೊಸ ಕೀಪರ್‌ಗಳು ಹೆದರುವುದು ಬೀಳುವ ಭಯಕ್ಕೇ. ಮೈದಾನದ ಅಂಚಿನಿಂದ ತಲೆಯ ಮೇಲೆ ತೇಲಿ ಬರುವ ಚೆಂಡಿಗೆ, ಅಂದರೆ ಕ್ರಾಸ್‌ಗೆ, ಯಾವಾಗ ಜಿಗಿಯಬೇಕು ಅನ್ನುವ ಅಂದಾಜು ವಾಲಿಬಾಲ್ ಆಡಿದವಳಿಗೆ ಇದ್ದೇ ಇರುತ್ತದೆ. ಭಾರ ಎತ್ತಿದ ಕಾಲಿಗೆ ನಿಂತಲ್ಲಿಂದಲೇ ಚಿಮ್ಮುವ ಬಲವಿರುತ್ತದೆ. ಹ್ಯಾಂಡ್‌ಬಾಲ್‌ನವರ ಕೈಯೆಸೆತವಂತೂ ಎದುರಾಳಿಗಳು ಹಿಂದಿರುಗುವಷ್ಟರಲ್ಲಿ ಚೆಂಡನ್ನು ವಿಂಗ್‌ಗೆ (ಮೈದಾನದ ಪಕ್ಕದ ಅಂಚಿಗೆ) ಮುಟ್ಟಿಸಿರುತ್ತದೆ.

ಇಷ್ಟಾದರೂ ಕಾಲಿನ ಕೆಲಸ ಇವ್ಯಾವುದರಿಂದಲೂ ಬರುವುದಿಲ್ಲ. ಜೊತೆ ಆಟಗಾರ್ತಿ ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ ಎಂಬ ನಿಯಮ 1992ರಲ್ಲಿ ಬಂತು. ಅಲ್ಲಿಂದ ಕೀಪರ್ ಕೂಡ ಪಾಸ್ ಕೊಡಬೇಕು. ಎದುರಾಳಿ ಮೈಮೇಲೆ ಬರುತ್ತಿದ್ದರೂ ಗಾಬರಿಯಾಗಬಾರದು. ಎಂಟು-ಹತ್ತು ವರ್ಷದಿಂದ ಚೆಂಡು ಒದ್ದವರಿಗೆ ಇದು ಯೋಚಿಸದೆಯೇ ಬರುತ್ತದೆ. ನಿಮ್ಮ ಮಗಳು ದಿನಾ ಗೋಡೆಗೆ ಚೆಂಡು ಒದೆಯಬೇಕು, ಎರಡೂ ಕಾಲಲ್ಲಿ. ಬೇಸರದ ಕೆಲಸವೇ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ.

ಓಟದಲ್ಲಿ ಚುರುಕಾಗಿದ್ದರೆ ವಿಂಗ್‌ನಲ್ಲೋ ಸೈಡ್‌ಬ್ಯಾಕ್‌ನಲ್ಲೋ (ಅಂಚಿನ ರಕ್ಷಣಾ ಜಾಗ) ಪ್ರಯತ್ನಿಸಬಹುದು. ಆದರೆ ಟ್ರ್ಯಾಕ್‌ನ ಓಟ ಬೇರೆ, ಇಲ್ಲಿನದು ಬೇರೆ: ಹತ್ತು-ಇಪ್ಪತ್ತು ಮೀಟರ್ ನುಗ್ಗುವುದು, ತಟ್ಟನೆ ನಿಲ್ಲುವುದು, ತಿರುಗುವುದು, ಮತ್ತೆ ನುಗ್ಗುವುದು. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯುವುದು ಇಂಥ ತಿರುವುಗಳಲ್ಲೇ, ಅದೂ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಗಾಯ ತಡೆಯಲೆಂದೇ ರೂಪಿಸಿದ ಫಿಫಾದ 11+ ವಾರ್ಮಪ್ ಮಾಡಿಸದ ಕೋಚ್ ಹತ್ತಿರ ಸೇರಿಸುವ ಮುನ್ನ ಎರಡು ಸಲ ಯೋಚಿಸಿ.

ಇನ್ನು ಕೋಚ್ ಆಗುವ ಮಾತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಕೊಡುವ ಡಿ ಲೈಸೆನ್ಸ್‌ನಿಂದ ಶುರುಮಾಡಿ ಸಿ, ಬಿ, ಎ, ಪ್ರೊ ಎಂದು ಒಂದೊಂದೇ ಮೆಟ್ಟಿಲು ಹತ್ತಬೇಕು. ಡಿ ಕೋರ್ಸ್‌ಗೆ ಸೇರಲು 18 ತುಂಬಿರಬೇಕು, ಭಾರತ ತಂಡದಲ್ಲಿ ಆಡಿರಬೇಕಿಲ್ಲ. ಆಡಿದವರೂ ಈ ಕೆಲಸಕ್ಕೆ ಬಂದಿದ್ದಾರೆ: ಗೋವಾದ ಮೇಮೋಲ್ ರಾಕಿ 2017ರಿಂದ 2021ರವರೆಗೆ ಹಿರಿಯ ಮಹಿಳಾ ತಂಡದ ಮುಖ್ಯ ಕೋಚ್ ಆಗಿದ್ದರು. ಆದರೆ ಶಾಲೆಯ ಮೈದಾನಕ್ಕೆ ನನ್ನ ಮತ ಫೌಸಿಯಾ ಅವರಂಥವರಿಗೇ. ಅಲ್ಲಿಗೆ ಬರುವ ಹುಡುಗಿ ಫುಟ್‌ಬಾಲ್ ಕಲಿತು ಬಂದಿರುವುದಿಲ್ಲ. ಚೆನ್ನಾಗಿ ಜಿಗಿಯುತ್ತಾಳೆ, ಇಲ್ಲವೇ ಜೋರಾಗಿ ಎಸೆಯುತ್ತಾಳೆ, ಅಷ್ಟೆ. ಅವಳನ್ನು ಯಾವ ಜಾಗದಲ್ಲಿ ನಿಲ್ಲಿಸಬೇಕು ಎನ್ನುವುದು ಆ ಆಟಗಳನ್ನೂ ಆಡಿದವರಿಗೆ ಬೇಗ ಹೊಳೆಯುತ್ತದೆ.

ಮಗಳನ್ನು ಈಗ ಕ್ಲಬ್‌ಗೆ ಸೇರಿಸಿ. 18ನೇ ಹುಟ್ಟುಹಬ್ಬ ಕಳೆದ ಮೇಲೆ ಡಿ ಲೈಸೆನ್ಸ್‌ಗೆ ಅರ್ಜಿ ಹಾಕಲಿ. ಎರಡೂ ಒಟ್ಟಿಗೇ ನಡೆಯಬಹುದು.