ಜಾಥಾ ಸಾಕು, ಬ್ರೇಕ್ ಹಿಡಿಯೋಣ

ಜನವರಿ ಬಂತೆಂದರೆ ಊರೂರಲ್ಲಿ ರಸ್ತೆ ಸುರಕ್ಷತೆಯ ಬೈಕ್ ಜಾಥಾ ಶುರು. ಬಿಳಿ ಟೀ ಶರ್ಟು, ಹ್ಯಾಂಡಲ್‌ಗೆ ಕಟ್ಟಿದ ಬಾವುಟ, ಹಸಿರು ನಿಶಾನೆ ತೋರಿಸಲು ಒಬ್ಬರು ಅಧಿಕಾರಿ, ಕೊನೆಗೆ ಉಪ್ಪಿಟ್ಟು, ಕೇಸರಿಬಾತ್. ಹೆಲ್ಮೆಟ್ ಹಾಕಬೇಕು ಅನ್ನುವುದು ಗೊತ್ತಿಲ್ಲದವರು ಈಗ ಯಾರೂ ಉಳಿದಿಲ್ಲ. ಆದರೆ ಬೈಕ್ ಕ್ಲಬ್ಬುಗಳ ಕೈಯಲ್ಲಿ ಫಲಕಕ್ಕಿಂತ ಬೆಲೆಬಾಳುವ ಆಸ್ತಿಯಿದೆ: ಒಂದೇ ಕಡೆ ಸೇರುವ ಮೂವತ್ತು ನಲವತ್ತು ಬೈಕು, ಭಾನುವಾರ ಬೆಳಗಿನ ಬಿಡುವು, ಕೇಳಿದರೆ ಸಿಗುವ ಕಾಲೇಜು ಮೈದಾನ. ಇಷ್ಟಿದ್ದರೆ, ಎಂಟು ಹಾಕಿಸಿ ಲೈಸೆನ್ಸ್ ಕೊಡುವ ನಮ್ಮ ವ್ಯವಸ್ಥೆ ಕಲಿಸದೆ ಬಿಟ್ಟದ್ದನ್ನು ಕಲಿಸಬಹುದು. ಅದು ತುರ್ತಾಗಿ ಬ್ರೇಕ್ ಹಿಡಿಯುವ ವಿದ್ಯೆ.

ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ಹ್ಯಾರಿ ಹರ್ಟ್ ಅವರ ತಂಡ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿತ್ತು. 1981ರಲ್ಲಿ ಬಂದ ಅವರ ವರದಿ ಇಂದಿಗೂ ಸವಾರಿ ಕಲಿಸುವವರ ಬಾಯಲ್ಲಿದೆ. ಅಪಾಯದಿಂದ ತಪ್ಪಿಸಿಕೊಳ್ಳಲು ಸವಾರನಿಗೆ ಸಾಮಾನ್ಯವಾಗಿ ಸಿಕ್ಕ ಸಮಯ ಎರಡು ಸೆಕೆಂಡಿಗೂ ಕಡಿಮೆ. ಆ ಹೊತ್ತಿನಲ್ಲಿ ಆತ ಹಿಂದಿನ ಬ್ರೇಕನ್ನು ಬಲವಾಗಿ ತುಳಿದು ಚಕ್ರ ಜಾರಿಸಿದ್ದ, ಮುಂದಿನದನ್ನು ಅರೆಬರೆ ಹಿಡಿದಿದ್ದ. ನಮ್ಮಲ್ಲೂ ಗಾಡಿ ಕಲಿಸುವಾಗಲೇ ‘ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ’ ಎಂದು ಹೆದರಿಸಿರುತ್ತಾರೆ. ಆ ಹೆದರಿಕೆ ಕೈಯಲ್ಲೇ ಕೂತುಬಿಡುತ್ತದೆ.

ಲೆಕ್ಕ ಬೇರೆಯೇ ಹೇಳುತ್ತದೆ. ಬೈಕಿನ ಎರಡು ಚಕ್ರಗಳ ನಡುವಿನ ಅಂತರ 1.35 ಮೀಟರ್, ಸವಾರನನ್ನೂ ಸೇರಿಸಿ ಭಾರಕೇಂದ್ರ ನೆಲದಿಂದ 60 ಸೆಂ.ಮೀ. ಮೇಲೆ ಎಂದಿಟ್ಟುಕೊಳ್ಳಿ. ನಿಂತಾಗ ಮುಂದೆ ಹಿಂದೆ ಅರ್ಧರ್ಧ ಭಾರ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಸುಮಾರು ಶೇ. 80ರಷ್ಟು ಭಾರ ಮುಂದಿನ ಚಕ್ರದ ಮೇಲೆ ಬರುತ್ತದೆ. ಟೈರಿಗೆ ಹಿಡಿತ ಬರುವುದೇ ಅದನ್ನು ನೆಲಕ್ಕೆ ಒತ್ತುವ ಭಾರದಿಂದ. ಹಗುರಾದ ಹಿಂದಿನ ಚಕ್ರವನ್ನು ಎಷ್ಟು ತುಳಿದರೂ ಅದು ಜಾರುತ್ತದೆಯೇ ಹೊರತು ಗಾಡಿಯನ್ನು ನಿಲ್ಲಿಸುವುದಿಲ್ಲ.

ಇದನ್ನು ಮೈದಾನದಲ್ಲಿ ತೋರಿಸಲು ಬೇಕಾಗುವುದು 100 ಮೀಟರ್ ಉದ್ದದ, ಮರಳಿಲ್ಲದ ಡಾಂಬರು ಅಥವಾ ಕಾಂಕ್ರೀಟ್ ನೆಲ, ಅಳತೆ ಟೇಪು, ಸುಣ್ಣದ ಪುಡಿ. ಬ್ರೇಕ್ ಹಿಡಿಯಬೇಕಾದ ಜಾಗದಲ್ಲಿ ಒಂದು ಗೆರೆ ಎಳೆಯಿರಿ. ಅಲ್ಲಿಂದ 9 ಮೀಟರ್‌ಗೆ ಇನ್ನೊಂದು, 18 ಮೀಟರ್‌ಗೆ ಮತ್ತೊಂದು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದು ಎರಡೂ ಬ್ರೇಕ್ ಸರಿಯಾಗಿ ಬಳಸಿದವರು 9ರ ಗೆರೆಯ ಆಸುಪಾಸು ನಿಲ್ಲುತ್ತಾರೆ. ಹಿಂದಿನ ಬ್ರೇಕ್ ಮಾತ್ರ ನಂಬಿದವರು 18ರ ಹತ್ತಿರ. ಆ ಎರಡು ಗೆರೆಗಳ ನಡುವೆ ಎರಡು ಕಾರು ನಿಲ್ಲಿಸುವಷ್ಟು ಜಾಗವಿದೆ. ಹಿಂದಿನ ಬ್ರೇಕ್ ಭಕ್ತರನ್ನು ಸುಮ್ಮನಾಗಿಸಲು ಇದಕ್ಕಿಂತ ಬೇರೆ ಭಾಷಣ ಬೇಡ.

ಆದರೆ ಮೊದಲ ಸುತ್ತೇ 40ರಲ್ಲಿ ಬೇಡ. 20ರಲ್ಲಿ ಐದಾರು ಸಲ, 30ರಲ್ಲಿ ಅಷ್ಟೇ ಸಲ, ಆಮೇಲೆ 40. ಹಿಂದೆ ಯಾರನ್ನೂ ಕೂರಿಸಬೇಡಿ. ಹೆಲ್ಮೆಟ್, ಕೈಗವಸು, ಶೂ ಇಲ್ಲದವರಿಗೆ ಸರದಿಯೇ ಇಲ್ಲ. ಒಂದು ಗೆರೆಯಲ್ಲಿ ಒಂದು ಬಾರಿಗೆ ಒಂದೇ ಗಾಡಿ.

ಮುಂದಿನ ಬ್ರೇಕಿನ ಲಿವರನ್ನು ಗಬಕ್ಕನೆ ಎಳೆಯುವವರೇ ಬೀಳುವುದು. ಭಾರ ಮುಂದಕ್ಕೆ ಬರಲು ಕ್ಷಣಕಾಲ ಬೇಕು. ಅದಕ್ಕೂ ಮೊದಲೇ ಚಕ್ರ ಕಚ್ಚಿಕೊಂಡರೆ ಮುಂಭಾಗ ಜಾರಿ ಗಾಡಿ ಮಲಗಿಬಿಡುತ್ತದೆ. ಹಾಗಾಗಿ ಲಿವರಿನ ಸಡಿಲವನ್ನು ಮೊದಲು ತುಂಬಿಕೊಳ್ಳಬೇಕು, ಮುಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿದ್ದು ಕೈಗೆ ತಿಳಿಯಬೇಕು, ಆಮೇಲೆ ಹಿಂಡುತ್ತಾ ಹೋಗಬೇಕು. ಅಭ್ಯಾಸವಾದರೆ ಇಷ್ಟೂ ಅರ್ಧ ಸೆಕೆಂಡಿನ ಕೆಲಸ. ಕಣ್ಣು ನೆಲದ ಗೆರೆಯ ಮೇಲಿದ್ದರೆ ತಲೆ ಬಗ್ಗುತ್ತದೆ, ಹ್ಯಾಂಡಲ್ ತಿರುಗುತ್ತದೆ. ದೂರದ ಮರವನ್ನೋ ಕಂಬವನ್ನೋ ನೋಡಲು ಹೇಳಿ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದರೆ ಮೈಭಾರ ಕೈಗಳ ಮೇಲೆ ಬೀಳುವುದಿಲ್ಲ. ಕ್ಲಚ್ ಹಿಡಿಯುವುದು ಕೊನೆಯಲ್ಲಿ. ಮುಂದಿನ ಚಕ್ರ ಕಚ್ಚಿಕೊಂಡಿತು ಅನ್ನಿಸಿದರೆ ತಕ್ಷಣ ಬಿಟ್ಟು ಮತ್ತೆ ಹಿಂಡಬೇಕು.

125 ಸಿಸಿಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಬ್ರೇಕನ್ನು ತಾನೇ ಬಿಟ್ಟು ಹಿಡಿದು ಚಕ್ರ ಕಚ್ಚಿಕೊಳ್ಳದಂತೆ ಕಾಯುವ ವ್ಯವಸ್ಥೆ, ಕಡ್ಡಾಯ. ಅದಿದ್ದರೂ ಎಷ್ಟೋ ಮಂದಿ ಒಮ್ಮೆಯೂ ಅದನ್ನು ಕೆಲಸಕ್ಕೆ ಹಚ್ಚಿರುವುದಿಲ್ಲ. ಲಿವರ್ ಕೈಯೊಳಗೆ ಮಿಡಿದ ಕೂಡಲೇ ಏನೋ ಕೆಟ್ಟಿತೆಂದು ಬ್ರೇಕ್ ಬಿಡುತ್ತಾರೆ. ಆ ಮಿಡಿತದ ಪರಿಚಯವಾಗಬೇಕಾದದ್ದು ಮೈದಾನದಲ್ಲಿ, ಲಾರಿಯ ಹಿಂದೆ ಅಲ್ಲ. ಸಿಂಗಲ್ ಚಾನೆಲ್ ಎಬಿಎಸ್ ಕಾಯುವುದು ಮುಂದಿನ ಚಕ್ರವನ್ನು ಮಾತ್ರ, ಹಿಂದಿನದು ಜಾರಬಲ್ಲದು ಎಂಬುದನ್ನೂ ಹೇಳಿಬಿಡಿ.

ಬ್ರೇಕ್ ವಿದ್ಯೆ ಎಷ್ಟೇ ಕಲಿತರೂ ವೇಗದ ಲೆಕ್ಕ ಬದಲಾಗುವುದಿಲ್ಲ. 60ರಲ್ಲಿ ಹೋಗುವವನು ಅಪಾಯ ಕಂಡು ಕೈ ಆಡಿಸಲು ಒಂದು ಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲಿ 17 ಮೀಟರ್ ದಾಟಿರುತ್ತಾನೆ. ನಿಲ್ಲಲು ಇನ್ನೂ 20, ಒಟ್ಟು 37 ಮೀಟರ್. ಅದೇ ಬೈಕು, ಅದೇ ಕೈ, 80ರಲ್ಲಿ ಬಂದರೆ ಆ 37ನೇ ಮೀಟರ್‌ನಲ್ಲಿ ಅವನ ವೇಗ ಎಷ್ಟಿರುತ್ತದೆ? ಇನ್ನೂ 60ರ ಮೇಲೆ. ಮೊದಲಿನವನು ಹಸುವಿನ ಮುಂದೆ ಬಂದು ನಿಂತ ಜಾಗದಲ್ಲಿ ಎರಡನೆಯವನು 60ರ ವೇಗದಲ್ಲಿ ಹಸುವಿಗೆ ಗುದ್ದುತ್ತಾನೆ.

ಗುಂಪಿನಲ್ಲಿ ಹೋಗುವಾಗಿನ ತೊಂದರೆಯ ಮೂಲವೂ ಈ ಒಂದು ಸೆಕೆಂಡೇ. ನಂದಿಬೆಟ್ಟದ ಕಡೆಗೋ ಚಾರ್ಮಾಡಿ ಘಾಟಿಗೋ ಇಪ್ಪತ್ತು ಬೈಕು ಸಾಲಾಗಿ ಹೊರಟವು ಎನ್ನಿ. ಮುಂದಿನವನು ಹಂಪ್ ಕಂಡು 60ರಿಂದ 50ಕ್ಕೆ ಇಳಿಸುತ್ತಾನೆ. ಹಿಂದಿನ ಪ್ರತಿಯೊಬ್ಬನೂ ಸ್ವಲ್ಪ ತಡವಾಗಿ, ಹಾಗಾಗಿ ಸ್ವಲ್ಪ ಜೋರಾಗಿ ಬ್ರೇಕ್ ಹಿಡಿಯುತ್ತಾನೆ. ಹಾರ್ಮೋನಿಯಂ ತಿದಿಯಂತೆ ಸಾಲು ಕುಗ್ಗಿ ಹಿಗ್ಗಿ, ಕೊನೆಯವನು ಬಹುತೇಕ ನಿಂತೇಬಿಡುತ್ತಾನೆ, ಆಮೇಲೆ ಗುಂಪು ಹಿಡಿಯಲು ವಿಪರೀತ ಓಡಿಸುತ್ತಾನೆ. ಹೊಸಬರನ್ನು ‘ನಿಧಾನ ಬಾರಪ್ಪ’ ಎಂದು ಕೊನೆಗೆ ಹಾಕುವ ರೂಢಿ ಅವರನ್ನು ಇಲ್ಲಿಗೇ ತಳ್ಳುತ್ತದೆ. ಅವರ ಜಾಗ ಲೀಡ್ ಸವಾರನ ಬೆನ್ನಿಗೆ. ಕೊನೆಯಲ್ಲಿ ಬರಬೇಕಾದವರು ಅತ್ಯಂತ ಅನುಭವಿ, ಪಂಕ್ಚರ್ ಸಾಮಾನು ಮತ್ತು ಪ್ರಥಮ ಚಿಕಿತ್ಸೆ ಪೆಟ್ಟಿಗೆಯೊಂದಿಗೆ. ಐದರಿಂದ ಏಳು ಬೈಕಿನ ತಂಡ ಮಾಡಿ, ಎರಡೆರಡು ನಿಮಿಷ ಬಿಟ್ಟು ಕಳಿಸಿ. ನೇರ ರಸ್ತೆಯಲ್ಲಿ ಲೇನಿನ ಬಲಕ್ಕೊಬ್ಬ ಎಡಕ್ಕೊಬ್ಬನಂತೆ ಹೋಗಬೇಕು. ತನ್ನದೇ ಗೆರೆಯ ಮುಂದಿನ ಬೈಕಿಗೆ ಎರಡು ಸೆಕೆಂಡ್ ಅಂತರ, ಪಕ್ಕದ ಗೆರೆಯದಕ್ಕೆ ಒಂದು. ಘಾಟಿಯ ತಿರುವು ಶುರುವಾದರೆ ಒಂದೇ ಸಾಲು. ಸಿಗ್ನಲ್‌ನಲ್ಲಿ ತಂಡ ತುಂಡಾದರೆ ಆಗಲಿ, ಮುಂದೆ ಎಲ್ಲಿ ನಿಲ್ಲುವುದೆಂದು ಹೊರಡುವ ಮುನ್ನವೇ ಹೇಳಿದ್ದರೆ ಯಾರೂ ಕೆಂಪು ದೀಪ ಹಾರಿಸಬೇಕಿಲ್ಲ.

ಉಚಿತ ಹೆಲ್ಮೆಟ್ ಹಂಚುವುದು ಕ್ಲಬ್ಬುಗಳಿಗೆ ಪ್ರಿಯವಾದ ಕಾರ್ಯಕ್ರಮ, ಒಳ್ಳೆಯದೂ ಹೌದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅದರಲ್ಲಿ 14,337 ಮಂದಿ ಹಿಂದೆ ಕೂತಿದ್ದವರು. ಹಾಗಾಗಿ ಹಂಚುವ ಹೆಲ್ಮೆಟ್ ಜೋಡಿಯಾಗಿರಲಿ. ಕೆಲಸ ಮಾಡುವುದು ಹೊರಗಿನ ಚಿಪ್ಪಿಗಿಂತ ಒಳಗಿನ ಥರ್ಮಾಕೋಲ್ ಪದರ. ತಲೆ ಒಂದೂವರೆ ಮೀಟರ್ ಎತ್ತರದಿಂದ ಬಿದ್ದು 3 ಮಿ.ಮೀ. ಅಂತರದಲ್ಲಿ ನಿಂತರೆ ಗುರುತ್ವದ 500 ಪಟ್ಟು ಹೊಡೆತ. ಥರ್ಮಾಕೋಲ್ 25 ಮಿ.ಮೀ. ನಜ್ಜಾಗಿ ದಾರಿ ಬಿಟ್ಟರೆ 60 ಪಟ್ಟು. ಲೆಕ್ಕ ಒರಟು, ತತ್ವ ಇಷ್ಟೇ: ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಒಮ್ಮೆ ನಜ್ಜಾದ ಪದರ ಮರಳಿ ಉಬ್ಬುವುದಿಲ್ಲ, ಆದ್ದರಿಂದ ದಾನಕ್ಕೆ ಹಳೆಯ ಹೆಲ್ಮೆಟ್ ಸಲ್ಲದು. ಐಎಸ್ಐ ಮುದ್ರೆ ನೋಡಿ, ಹುಬ್ಬಿನ ಮೇಲೆ ಟೇಪು ಸುತ್ತಿ ಅಳತೆ ತೆಗೆದುಕೊಂಡು ಕೊಡಿ. ಪಟ್ಟಿ ಬಿಗಿದ ಮೇಲೆ ಹಿಂದಿನಿಂದ ಮೇಲಕ್ಕೆ ತಳ್ಳಿದಾಗ ಕಳಚಿ ಬಂದರೆ ಆ ಸೈಜು ಆ ತಲೆಯದಲ್ಲ. ಕ್ಲಬ್ಬಿನ ಲಾಂಛನವನ್ನು ಥಿನ್ನರ್ ಬೆರೆಸಿದ ಬಣ್ಣದಲ್ಲಿ ಬರೆಸುವ ಆಸೆ ಬಿಡಿ, ಪಾಲಿಕಾರ್ಬೊನೇಟ್ ಚಿಪ್ಪು ಅದರಿಂದ ದುರ್ಬಲವಾಗುತ್ತದೆ.

ರಕ್ತದಾನ ಶಿಬಿರ ಇಟ್ಟರೆ ಅದು ಸವಾರಿಯ ದಿನ ಬೇಡ. 350 ಮಿ.ಲೀ. ರಕ್ತ ಕೊಟ್ಟು, ಬಿಸಿಲಲ್ಲಿ ಜಾಕೆಟ್ ತೊಟ್ಟು 80 ಕಿ.ಮೀ. ಹೊರಟರೆ ತಲೆಸುತ್ತು ಬರುವುದು ಗಾಡಿಯ ಮೇಲೆಯೇ. ಕೊಟ್ಟವರು ಬಸ್ಸಲ್ಲೋ ಮೆಟ್ರೊದಲ್ಲೋ ಮನೆಗೆ ಹೋಗಲಿ.

ಇನ್ನು ಬಿದ್ದವನ ಹೆಲ್ಮೆಟ್. ಜನ ಸೇರಿದ ಕೂಡಲೇ ಅದನ್ನು ಕಿತ್ತು ನೀರು ಕುಡಿಸಲು ನೋಡುತ್ತಾರೆ. ಎರಡೂ ತಪ್ಪು. ವೈಸರ್ ಎತ್ತಿ ಉಸಿರಾಟ ನೋಡಿ. ಸರಾಗವಾಗಿದ್ದರೆ ಹೆಲ್ಮೆಟ್ ಹಾಗೇ ಇರಲಿ, ತಲೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ, ವಾಂತಿ ಗಂಟಲಿಗೆ ಸಿಕ್ಕಿದ್ದರೆ ತೆಗೆಯಲೇಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ತಲೆಯ ಕಡೆ ಮಂಡಿಯೂರಿ ಹೆಲ್ಮೆಟ್ಟನ್ನು ಎರಡೂ ಬದಿಯಿಂದ ಸ್ಥಿರವಾಗಿ ಹಿಡಿಯುತ್ತಾರೆ. ಇನ್ನೊಬ್ಬರು ಕನ್ನಡಕವಿದ್ದರೆ ತೆಗೆದು, ಪಟ್ಟಿ ಬಿಚ್ಚಿ ಅಥವಾ ಕತ್ತರಿಸಿ, ಒಂದು ಕೈಯಲ್ಲಿ ದವಡೆ, ಇನ್ನೊಂದರಲ್ಲಿ ಕತ್ತಿನ ಹಿಂಭಾಗ ಆನಿಸಿಕೊಳ್ಳುತ್ತಾರೆ. ಮೊದಲಿನವರು ಹೆಲ್ಮೆಟ್ಟಿನ ಬದಿಗಳನ್ನು ಅಗಲಿಸಿ, ಮೂಗಿಗೆ ತಾಗದಂತೆ ತುಸು ಹಿಂದಕ್ಕೆ ವಾಲಿಸಿ ನಿಧಾನ ಎಳೆಯುತ್ತಾರೆ. ಬರುತ್ತಿದ್ದಂತೆ ಎರಡನೆಯವರ ಕೈ ತಲೆಯ ಹಿಂಭಾಗಕ್ಕೆ ಸರಿಯಬೇಕು, ಇಲ್ಲದಿದ್ದರೆ ಕೊನೆಯ ಕ್ಷಣ ತಲೆ ದೊಪ್ಪನೆ ನೆಲಕ್ಕೆ ಬೀಳುತ್ತದೆ. ಆಮೇಲೂ ಉಸಿರಿಲ್ಲದಿದ್ದರೆ ಎದೆ ಒತ್ತುವಿಕೆ, ನಿಮಿಷಕ್ಕೆ 100ರಿಂದ 120. ಪೊಲೀಸ್ ರಗಳೆಯ ಭಯ ಬೇಡ, 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಸೆಕ್ಷನ್ ನೆರವಾದವರನ್ನು ರಕ್ಷಿಸುತ್ತದೆ, ಹೆಸರು ಹೇಳಲೇಬೇಕೆಂಬ ಒತ್ತಾಯವೂ ಇಲ್ಲ. ತೆಗೆದ ಹೆಲ್ಮೆಟ್ಟನ್ನು ಮೋರಿಗೆ ಎಸೆಯದೆ ಆಂಬ್ಯುಲೆನ್ಸಿನಲ್ಲಿ ರೋಗಿಯ ಜೊತೆಗೇ ಕಳಿಸಿ. ಪೆಟ್ಟು ಎಲ್ಲಿ ಬಿತ್ತು, ಎಷ್ಟು ಜೋರಾಗಿ ಬಿತ್ತು ಎಂಬುದು ವೈದ್ಯರಿಗೆ ಅದನ್ನು ನೋಡಿದರೆ ಅಂದಾಜಾಗುತ್ತದೆ.