ಚೆನ್ನಾಗಿ ಆಡುವ ಹುಡುಗಿಯ ಮೊಣಕಾಲು

ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಒಬ್ಬ ಹುಡುಗಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಾಳೆ ಅಂತ ಗೊತ್ತಾದ ಕೂಡಲೇ ಎಲ್ಲರಿಗೂ ಅವಳೇ ಬೇಕು. ಶಾಲೆಗೂ ಅವಳು, ಕ್ಲಬ್ಬಿಗೂ ಅವಳು, ತಾಲೂಕು ಮುಗಿದರೆ ಜಿಲ್ಲೆ, ಆಮೇಲೆ ಮೈಸೂರು ವಿಭಾಗ ಮಟ್ಟ, ನಡುವೆ ಭಾನುವಾರದ ಟೂರ್ನಮೆಂಟ್ ಬೇರೆ. ಮಂಗಳೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಮೊಣಕಾಲು ಹಿಡಿದುಕೊಂಡು ಬರುವವಳೂ ಹೆಚ್ಚಾಗಿ ಅವಳೇ. ಬೆಂಚಿನಲ್ಲಿ ಕೂರುವವರು ಅಪರೂಪ.

ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಪೇಜ್ ಬೆಕರ್ಸ್ ಹೆಸರು ಈಗಿನ ಹುಡುಗಿಯರಿಗೆಲ್ಲ ಗೊತ್ತು. ಮಿನ್ನೆಸೋಟಾದ ಹೈಸ್ಕೂಲಿನಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯಕ್ಕೆ ಹೋದವಳು, 2021ರಲ್ಲಿ, ಕಾಲೇಜಿನ ಮೊದಲ ವರ್ಷದಲ್ಲೇ, ದೇಶದ ಕಾಲೇಜುಗಳಲ್ಲೇ ವರ್ಷದ ಆಟಗಾರ್ತಿ ಅನ್ನಿಸಿಕೊಂಡಳು. ಮಕ್ಕಳು ಮೊಬೈಲಿನಲ್ಲಿ ನೋಡುವುದು ಇಷ್ಟನ್ನೇ. ಆದರೆ ಅದೇ ಏಪ್ರಿಲ್‌ನಲ್ಲಿ ಅವಳ ಪಾದದ ಗಂಟಿಗೆ ಆಪರೇಷನ್ ಆಯಿತು. ಡಿಸೆಂಬರಿನಲ್ಲಿ ಎಡ ಮೊಣಕಾಲಿನ ಮೂಳೆ ಬಿರುಕು ಬಿಟ್ಟಿತು, ಜೊತೆಗೆ ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿಯಿತು. 2022ರ ಆಗಸ್ಟ್‌ನಲ್ಲಿ ಅದೇ ಮೊಣಕಾಲಿನ ಎಸಿಎಲ್, ಅಂದರೆ ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟೇ, ಹರಿದುಹೋಯಿತು. ಒಂದು ಇಡೀ ಸೀಸನ್ ಅವಳು ಅಂಗಳಕ್ಕೆ ಇಳಿಯಲಿಲ್ಲ.

ಎಸಿಎಲ್ ಹೋಗುವುದಕ್ಕೆ ಯಾರೋ ಬಂದು ಡಿಕ್ಕಿ ಹೊಡೆಯಬೇಕು ಅಂತೇನಿಲ್ಲ. ಹೆಚ್ಚಿನವು ಒಬ್ಬಳೇ ಹಾರಿ ಇಳಿಯುವಾಗ, ಓಡುತ್ತಾ ಗಕ್ಕನೆ ತಿರುಗುವಾಗ ಆಗುತ್ತವೆ. "ಒಳಗೆ ಟಪ್ ಅಂತ ಸದ್ದಾಯ್ತು" ಅನ್ನುತ್ತಾರೆ, ಸಂಜೆಯೊಳಗೆ ಮೊಣಕಾಲು ಊದಿರುತ್ತದೆ. ಅದೇ ಆಟ ಆಡುವ ಹುಡುಗರಿಗಿಂತ ಹುಡುಗಿಯರಲ್ಲಿ ಇದು ಎರಡು ಪಟ್ಟಿಗಿಂತ ಜಾಸ್ತಿ. ಹನ್ನೆರಡು ಹದಿಮೂರರ ಆಸುಪಾಸಿನಲ್ಲಿ ಎತ್ತರ ಸರಸರ ಏರುತ್ತದೆ, ತೊಡೆ ಮತ್ತು ಸೊಂಟದ ಬಲ ಆ ವೇಗಕ್ಕೆ ಏರುವುದಿಲ್ಲ. ಹುಡುಗಿ ದುರ್ಬಲಳು ಅಂತ ಇದರ ಅರ್ಥ ಅಲ್ಲವೇ ಅಲ್ಲ. ಅವಳಿಗೆ ಇಳಿಯುವುದನ್ನು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಮಳೆಯೂ ಸೇರಿಕೊಳ್ಳುತ್ತದೆ. ಜೂನ್‌ನಿಂದ ತಿಂಗಳುಗಟ್ಟಲೆ ಹೊರಗಿನ ಸಿಮೆಂಟ್ ಕೋರ್ಟ್ ಪಾಚಿ ಕಟ್ಟಿರುತ್ತದೆ, ಪ್ರಾಕ್ಟೀಸ್ ಅಷ್ಟಕ್ಕಷ್ಟೆ. ಮಳೆ ಬಿಟ್ಟದ್ದೇ ತಡ, ಮ್ಯಾಚಿನ ಮೇಲೆ ಮ್ಯಾಚ್. ಸುಮ್ಮನಿದ್ದ ಕಾಲಿನ ಮೇಲೆ ಒಂದೇ ಸಲ ಅಷ್ಟೂ ಭಾರ ಬೀಳುತ್ತದೆ. ಮಳೆಗಾಲದಲ್ಲಿ ಕೋರ್ಟ್ ಇಲ್ಲದಿದ್ದರೂ ಶಾಲೆಯ ಜಗಲಿ ಇದೆ ಅಲ್ವಾ? ಸ್ಕ್ವಾಟ್, ಒಂಟಿಕಾಲಿನಲ್ಲಿ ನಿಲ್ಲುವುದು, ಹಾರಿ ಮೆತ್ತಗೆ ಇಳಿಯುವುದು, ಇಷ್ಟಕ್ಕೆ ಅದು ಸಾಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸುಮಾರು ಒಂದು ಅಡಿ ಎತ್ತರದ ಮೆಟ್ಟಿಲಿನಿಂದ ಮಗಳು ಎರಡೂ ಕಾಲಿನಲ್ಲಿ ಕೆಳಗೆ ಧುಮುಕಿ, ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಹಾರಲಿ. ಎದುರಿನಿಂದ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆಯಿರಿ. ನೆಲ ಮುಟ್ಟುವ ಹೊತ್ತಿಗೆ ಮೊಣಕಾಲುಗಳು ಒಂದರ ಕಡೆಗೆ ಒಂದು ವಾಲಿದರೆ ಕೋಚ್‌ಗೆ ತೋರಿಸಿ. ಮೊಣಕಾಲು ಪಾದದ ನೇರಕ್ಕೇ ಇರಬೇಕು, ಸೊಂಟ ಬಗ್ಗಬೇಕು, ದಡ್ ಅಂತ ಸದ್ದು ಬರಬಾರದು. ವಾರಕ್ಕೆ ಎರಡು ಮೂರು ಸಲ, ವಾರ್ಮ್‌ಅಪ್‌ನಲ್ಲೇ ಹದಿನೈದು ನಿಮಿಷ ಹೀಗೆ ಇಳಿಯುವುದನ್ನೂ ಮೇಲೆ ಹೇಳಿದ ಕಸರತ್ತುಗಳನ್ನೂ ಮಾಡಿಸಿದ ತಂಡಗಳ ಹುಡುಗಿಯರಲ್ಲಿ ಎಸಿಎಲ್ ಗಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದನ್ನು ಅಧ್ಯಯನಗಳು ತೋರಿಸಿವೆ. ಖರ್ಚು ಏನೂ ಇಲ್ಲ. ಆದರೂ ನಮ್ಮಲ್ಲಿ ವಾರ್ಮ್‌ಅಪ್ ಅಂದರೆ ಕೋರ್ಟಿಗೆ ಎರಡು ಸುತ್ತು ಓಟ, ಮುಗಿಯಿತು. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಮುಟ್ಟು ನಿಂತುಹೋಗಿದೆಯಾ, ರಕ್ತ ಕಡಿಮೆ ಇದೆಯಾ ಅಂತಲೂ ಅಮ್ಮಂದಿರು ಕೇಳಿಕೊಳ್ಳಬೇಕು. ಹಾಗಿದ್ದರೆ ಮಗಳು ಬೇಗ ಸುಸ್ತಾಗುತ್ತಾಳೆ, ಸುಸ್ತಾದ ಕಾಲು ಸರಿಯಾಗಿ ಇಳಿಯುವುದಿಲ್ಲ.

ಎಸಿಎಲ್ ಆಪರೇಷನ್ ಆದವರ ಮನೆಯಲ್ಲಿ ಮಾತು ಯಾವಾಗಲೂ ಒಂದೇ: "ಸರ್, ಆರು ತಿಂಗಳಾಯ್ತು, ಡಿಸೆಂಬರಲ್ಲಿ ಮ್ಯಾಚ್ ಉಂಟು ಮಾರಾಯ್ರೆ." ಒಂಬತ್ತು ತಿಂಗಳಿಗೆ ಮುಂಚೆ ನಾನು ಒಪ್ಪುವುದಿಲ್ಲ. ತಿಂಗಳು ತುಂಬಿದರೂ ಸಾಲದು, ಆ ಕಾಲಿನ ಬಲ ಇನ್ನೊಂದರ 90% ಆದರೂ ಇರಬೇಕು, ಒಂಟಿಕಾಲಿನ ಜಿಗಿತದ ದೂರವೂ ಅಷ್ಟೇ. ಬೆಕರ್ಸ್ ಹದಿನೈದು ತಿಂಗಳು ಬಿಟ್ಟು, 2023ರ ನವೆಂಬರ್‌ನಲ್ಲಿ ಮ್ಯಾಚ್ ಆಡಿದಳು. 2025ರ ಏಪ್ರಿಲ್‌ನಲ್ಲಿ ಕಾಲೇಜು ತಂಡದೊಂದಿಗೆ ರಾಷ್ಟ್ರೀಯ ಚಾಂಪಿಯನ್ ಆದಳು, ಅದೇ ತಿಂಗಳು ಅಮೆರಿಕದ ವೃತ್ತಿಪರ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎಗೆ ಹೊಸ ಆಟಗಾರ್ತಿಯರನ್ನು ಆರಿಸುವ ಡ್ರಾಫ್ಟಿನಲ್ಲಿ ಡಲ್ಲಾಸ್ ವಿಂಗ್ಸ್ ತಂಡ ಅವಳನ್ನೇ ಮೊದಲು ಆರಿಸಿಕೊಂಡಿತು. ಡಿಸೆಂಬರಿನ ಆ ಮ್ಯಾಚ್ ಹೋದರೆ ಹೋಗಲಿ ಅಂತ ನಾನು ಅಪ್ಪ ಅಮ್ಮಂದಿರಿಗೆ ಹೇಳುವುದು ಇದನ್ನೆಲ್ಲ ನೋಡಿಯೇ.